ಸಂತೆಯ ಮಾರನೇ ದಿನ

ನನ್ನ ಸೋದರತ್ತೆ ತನ್ನ ಆರನೇ ವರ್ಷದಲ್ಲಿ ಒಬ್ಬ ಅಪರಿಚಿತನಿಗೆ ‘ಶನಿವಾರ’ ಎಂದು ಹೇಳಿದಳು. ಹೇಳಿದ್ದು ಸರಿಯೇ ಇತ್ತು. ಆ ಒಂದು ಮಾತಿನಿಂದ ತನ್ನ ಅಪ್ಪನ ಪದಕ, ಪಿಂಚಣಿ, ಸರಕಾರದ ಕಾಗದದಲ್ಲಿ ಇರಬೇಕಾಗಿದ್ದ ಅವನ ಹೆಸರು ಎಲ್ಲವೂ ಹೋಯಿತು ಎಂದು ನಂಬಿಕೊಂಡೇ ಅವಳು ಮುದುಕಿಯಾದಳು.

ಕಥೆಯನ್ನು ಅವಳು ಹೇಳುವ ಹಾಗೆ ಮೊದಲು ಬರೆಯುತ್ತೇನೆ. ಆಮೇಲೆ ಅಳಿಸುತ್ತೇನೆ.

ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಹುಟ್ಟಿದ ವಾರವೇ ಮನುಷ್ಯನ ಹೆಸರಾಗುತ್ತಿತ್ತು. ನನ್ನ ಅಜ್ಜ ಸೋಮವಾರದವನು. ಪಕ್ಕದ ಮನೆಯವನು ಆದಿತ್ಯವಾರದವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಂಕೋಲೆಯ ಪಕ್ಕದ ನಮ್ಮ ಶೆಟಗೇರಿಯಿಂದ ಪಲ್ಟಣಿಗೆ, ಎಂದರೆ ಸೈನ್ಯಕ್ಕೆ, ಹೋದವರು ಈ ಇಬ್ಬರೇ. ಒಬ್ಬರ ಹಿಂದೆ ಒಬ್ಬರು ಹೋದರು, ರಜೆ ಸಿಕ್ಕಿ ಊರಿಗೆ ಬಂದಾಗ ಇಬ್ಬರೂ ಒಟ್ಟಿಗೇ ಇದ್ದರು. ಇಲ್ಲಿ ಅವರನ್ನು ವಾರದಿಂದಲೇ ಕರೆಯುತ್ತೇನೆ. ಹೆಸರು ಹಿಡಿದು ಬರೆಯಲು ನನಗೀಗ ಕೈ ಬರುವುದಿಲ್ಲ.

ಅಜ್ಜಿ ಕಾರವಾರದ ಪಕ್ಕದ ಶಿರವಾಡದಿಂದ ಮದುವೆಯಾಗಿ ಬಂದವಳು. ಗಂಡನ ಹೆಸರನ್ನು ಅವಳು ಸಾಯುವವರೆಗೂ ಬಾಯಲ್ಲಿ ಹೇಳಲಿಲ್ಲ. ಆಗಿನ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಅಜ್ಜ ಊರಿಗೆ ಬಂದ ಮೇಲೆ ಒಂದು ದಿನ, ಅವನು ಗದ್ದೆಗೆ ಹೋಗಿದ್ದಾಗ, ಖಾಕಿ ಚೀಲದವನೊಬ್ಬ ಅಂಗಳಕ್ಕೆ ಬಂದ. ಈ ಮನೆಯಿಂದ ಪಲ್ಟಣಿಗೆ ಹೋದವನ ಹೆಸರೇನು ಎಂದು ಕೇಳಿದ. ಅಜ್ಜಿ ಬಾಗಿಲ ಹಿಂದಿನಿಂದ, ‘ಸಂತಿ ಮಾರನೇ ದಿನ’ ಎಂದಳು. ವಾರದ ಹೆಸರುಗಳ ವಿಷಯ ಅವನಿಗೆ ಗೊತ್ತಿದ್ದಿರಬೇಕು, ಸಂತೆ ಯಾವತ್ತು ಎನ್ನುವುದು ಗೊತ್ತಿರಲಿಲ್ಲ. ಅಂಗಳದಲ್ಲಿದ್ದ ಹುಡುಗಿಯನ್ನು ಕೇಳಿದ. ಹುಡುಗಿ ಶನಿವಾರ ಎಂದಳು. ಅಂಕೋಲೆಯ ಸಂತೆ ಶನಿವಾರವೇ. ಮಾರನೇ ದಿನ ಆದಿತ್ಯವಾರ. ಅವನು ಆದಿತ್ಯವಾರದ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದುಕೊಂಡು ಹೋದ.

ಆದರೆ ಅಜ್ಜಿಗೆ ಸಂತೆ ಎಂದರೆ ಕಾರವಾರದ್ದು. ಅದು ಆದಿತ್ಯವಾರ. ಮಾರನೇ ದಿನ ಸೋಮವಾರ.

“ಆಯಿ ಹೇಳಿದ್ದೂ ಖರೆ, ನಾ ಹೇಳಿದ್ದೂ ಖರೆ. ನಡೂಗೆ ಅಪ್ಪ ಹಾಳಾಗೋದ,” ಎನ್ನುತ್ತಿದ್ದಳು ಅತ್ತೆ. ಬಂದವನು ಪದಕವನ್ನೋ ಪಿಂಚಣಿಯನ್ನೋ ಮಂಜೂರು ಮಾಡಲು ಬಂದವನು, ಹೆಸರು ತಪ್ಪಿದ್ದರಿಂದ ಎಲ್ಲ ನಿಂತುಹೋಯಿತು, ಇದು ನಮ್ಮ ಮನೆಯ ಕಥೆ. ಅವನು ಹೋಗುವಾಗ ಹುಡುಗಿಗೆ ಏನೋ ಕೊಟ್ಟನಂತೆ. ನಾನು ಚಿಕ್ಕವನಿದ್ದಾಗ ಅದು ಪೆಪ್ಪರಮಿಂಟು. ನನ್ನ ಮದುವೆಯ ಹೊತ್ತಿಗೆ ಬಿಸ್ಕೀಟು. ಈಚೆಗೆ ಒಂದು ಹಿತ್ತಾಳೆ ಗುಂಡಿ. ‘ಶನಿವಾರ’ ಮಾತ್ರ ಯಾವತ್ತೂ ಬದಲಾಗಲಿಲ್ಲ.

ಊರಿನಲ್ಲಿ ಇನ್ನೊಂದು ಕಥೆ ಇತ್ತು. ಅದೇ ದಿನಗಳಲ್ಲಿ ಪೊಲೀಸರು ಬಂದು ಆದಿತ್ಯವಾರದವನನ್ನು ಎಳೆದುಕೊಂಡು ಹೋದರು. ಪಲ್ಟಣಿನಿಂದ ಓಡಿ ಬಂದವನಂತೆ ಎಂದು ಊರು ಮಾತಾಡಿಕೊಂಡಿತು. ಒಂದು ಮಳೆಗಾಲ ಕಳೆದು ಅವನು ಕೆಮ್ಮುತ್ತ ಮರಳಿದ, ಇನ್ನೊಂದು ಮಳೆಗಾಲ ನೋಡಲಿಲ್ಲ. ಹೆಂಡತಿ ಮಗುವನ್ನು ಕಟ್ಟಿಕೊಂಡು ಬೊಬ್ರುವಾಡದ ತವರಿಗೆ ಹೋದಳು. ನಮ್ಮದು ‘ಪಲ್ಟಣಿನವರ ಮನೆ’ ಆಯಿತು, ಅವರದು ‘ಓಡಿ ಬಂದವನ ಮನೆ’.

ಎರಡೂ ಕಥೆ ಒಂದೇ ಬೇಲಿಯ ಆಚೆ ಈಚೆ ಇಷ್ಟು ವರ್ಷ ಇದ್ದವು. ಯಾರೂ ಬೇಲಿ ದಾಟಿಸಲಿಲ್ಲ. ನಾನೂ ಕೂಡ. ನಾನು ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು, ಅರ್ಧ ಕೇಳಿಸಿಕೊಂಡು ಪೂರ್ತಿ ಬರೆಯುವುದು ಹೇಗೆ ಎಂದು ಬಲ್ಲವನು. ನನ್ನ ಮನೆಯ ಕಥೆಯನ್ನು ಮಾತ್ರ ಪೂರ್ತಿ ಕೇಳಿದ್ದೇನೆ ಅಂದುಕೊಂಡಿದ್ದೆ.

ಹೋದ ವರ್ಷ ಊರಿನ ಕೆಲವರು ಸೇರಿ, ಶೆಟಗೇರಿಯಿಂದ ಸೈನ್ಯಕ್ಕೆ ಹೋದವರ ಹೆಸರು ಕೆತ್ತಿದ ಒಂದು ಕಲ್ಲು ನಿಲ್ಲಿಸುವುದು ಎಂದು ತೀರ್ಮಾನಿಸಿದರು. ದಾಖಲೆ ತಂದುಕೊಡಿ ಎಂದು ಮನೆಮನೆಗೆ ಹೇಳಿ ಹೋದರು. ಅತ್ತೆ ನನಗೆ ಫೋನು ಮಾಡಿಸಿದಳು. ಅವಳು ಗಂಡ ತೀರಿಕೊಂಡ ಮೇಲೆ ತವರಿಗೇ ಬಂದು ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ.

“ತಮ್ಮಾ, ಸರಕಾರದಾಗೆ ಅಪ್ಪನ ಕಾಗದ ಇರೂದೇ. ತಪ್ಪು ಹೆಸರಿನಾಗಾರೂ ಇರೂದೇ. ನೀ ಹುಡುಕಿ ತಾ. ನನ್ನ ಬಾಯಿಂದ ಹೋದದ್ದು, ನಾ ಇರೂ ತನಕ ಬರ್ಲಿ.”

“ಅಷ್ಟು ಹಳೇದು ಸಿಗ್ತದೋ ಇಲ್ವೋ, ಅತ್ತೆ.”

“ನೀ ಕಚೇರಿಯಾಗೆ ಅಷ್ಟು ವರ್ಷ ಮತ್ತೆಂತ ಮಾಡ್ದೆ? ಕುರ್ಚಿ ಬಿಸಿ ಮಾಡ್ದೆಯಾ?”

ಕಾರವಾರದಲ್ಲಿ ನಮ್ಮ ಬೀದಿಯ ಕೊನೆಗೆ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ. ಮಾಜಿ ಸೈನಿಕರ ಅರ್ಜಿ ತುಂಬಿಕೊಡುವುದು ಅವರಿಗೆ ಬೆಳಗಿನ ವ್ಯಾಯಾಮದ ಹಾಗೆ. ವಿಷಯ ಹೇಳಿದೆ. ಅವರು ಮೊದಲು ಅಜ್ಜನ ಪಲ್ಟಣಿನ ನಂಬರ್ ಕೇಳಿದರು.

“ನಂಬರ್ ಗೊತ್ತಿಲ್ಲ.”

“ಪಲ್ಟಣಿನವರ ಮನೆ ಅಂತೀರಿ, ನಂಬರ್ ಗೊತ್ತಿಲ್ಲ ಅಂತೀರಿ! ಅರೇ ಬಾಬಾ, ನಮ್ಮಲ್ಲಿ ಹೇಸರಗತ್ತೆಗೂ ನಂಬರ್ ಇರ್ತದೆ. ನಂಬರ್ ಇಲ್ದೆ ಇದ್ರೆ ಕತ್ತೆ ಸಿಗೂದಿಲ್ಲ, ಅಜ್ಜ ಎಲ್ಲಿ ಸಿಗ್ತಾರೆ?”

ಅತ್ತೆಯನ್ನು ಕೇಳಿದಾಗ ಅವಳು ಅಡಿಗೆಮನೆಯಿಂದ, ಅಜ್ಜ ಪಲ್ಟಣಿನಿಂದ ತಂದಿದ್ದ, ಅಕ್ಕಿ ಅಳೆಯುವ ಜರ್ಮನ್ ಮಗ್ಗು ತರಿಸಿದಳು. ನಮ್ಮ ಕಡೆ ಅಲ್ಯುಮಿನಿಯಂಗೆ ಜರ್ಮನ್ ಎನ್ನುವುದು. ತಳದಲ್ಲಿ ಮೊಳೆಯಿಂದ ಚುಚ್ಚಿದ ಅಂಕಿಗಳಿದ್ದವು. ಮೂರು ತಲೆಮಾರು ಆ ಅಂಕಿಗಳ ಮೇಲೆ ಅಕ್ಕಿ ಸುರಿದು ಉಂಡಿದ್ದೆವು. ಯಾರೂ ಮಗುಚಿ ಓದಿರಲಿಲ್ಲ.

ನಂಬರ್, ಊರು, ಅಂದಾಜು ಕಾಲ ಬರೆದು ಅರ್ಜಿ ಕಳಿಸಿದೆವು. ಯಾವ ದಫ್ತರು ಎಂದು ಹೇಳುವುದಿಲ್ಲ. ಅದು ದೂರದ್ದು, ತನ್ನ ಕೆಲಸ ಅದು ಮಾಡಿತು. ಉತ್ತರಕ್ಕೆ ಕಾಯುವಾಗ ಹವಾಲ್ದಾರರು, “ಜೊತೆಗೆ ಹೋದವರ ಮನೆಯಲ್ಲಿ ಏನಾದ್ರೂ ಚೀಟಿ ಇದ್ರೆ ನೋಡಿ, ಉಪಯೋಗ ಆಗ್ತದೆ,” ಎಂದರು. ಆದಿತ್ಯವಾರದವನ ಮೊಮ್ಮಗಳು ತರಕಾರಿ ಮಾರುತ್ತಾಳೆ, ಶನಿವಾರ ಅಂಕೋಲೆಯಲ್ಲಿ, ಆದಿತ್ಯವಾರ ಕಾರವಾರದಲ್ಲಿ. ನಾನು ಎಷ್ಟೋ ಆದಿತ್ಯವಾರ ಅವಳ ಹತ್ತಿರ ಹರಿವೆ ಸೊಪ್ಪು, ಮೂಲಂಗಿ ಕೊಂಡಿದ್ದೆ. ಯಾರು ಎಂದು ಗೊತ್ತಿರಲಿಲ್ಲ. ತಮ್ಮನನ್ನು ಕೇಳಿ ತಿಳಿದುಕೊಂಡು ಹೋಗಿ ಎದುರು ನಿಂತೆ.

“ಹರಿವೆ ಎರಡು ಕಟ್ಟು ಹಾಕೂದೇ, ಸಾಹೇಬ್ರೆ?”

ಶೆಟಗೇರಿಯ ಇಂಥ ಮನೆಯವನು ಎಂದೆ. ಅವಳ ಕೈ ಸೊಪ್ಪಿನ ಮೇಲೇ ನಿಂತಿತು.

“ಓ, ಪಲ್ಟಣಿನವರು.” ಆಮೇಲೆ ಪಕ್ಕದವಳಿಗೆ ಕೇಳುವ ಹಾಗೆ, “ನೋಡೇ, ದೊಡ್ಡವರ ಮನೆಯವರು ಬಂದೀರು. ಓಡಿ ಬಂದವನ ಮೊಮ್ಮಗಳ ಸೊಪ್ಪು ಇವರಿಗೆ ಆಗ್ತದೋ ಇಲ್ವೋ!”

ನಾನು ಕಾಗದದ ವಿಷಯ ಕೇಳಿದೆ. ಒಂದು ಚೂರೂ ಇಲ್ಲ ಎಂದಳು. “ಅಜ್ಜನ ಕಾಗದ ಅಜ್ಜನ ಸಂಗ್ತಿಗೇ ಹೋತು. ಉಳ್ದದ್ದು ಖರ್ಜೂರದ ಕಥೆ ಒಂದು.”

“ಯಾವ ಖರ್ಜೂರ?”

ಅವಳ ಅಜ್ಜ ಕಡಲಾಚೆಯ ಬಸ್ರಾದಲ್ಲಿ ಸರಕಾರಿ ಕಂಬಳಿ ಕೊಟ್ಟು ಒಂದು ಬುಟ್ಟಿ ಖರ್ಜೂರ ತೆಗೆದುಕೊಂಡಿದ್ದನಂತೆ. ಬುಟ್ಟಿಯ ಹೆಣಿಗೆ ನಮ್ಮ ಭತ್ತದ ಬುಟ್ಟಿಯ ಹಾಗೇ ಇತ್ತು, ಅದನ್ನು ನೋಡಿ ಊರು ನೆನಪಾಗಿ ಕೊಂಡನಂತೆ. “ಆಮೇಲೆ ಥಂಡಿ ಪೂರಾ ಕಂಬಳಿ ಇಲ್ದೇ ಗಡಗಡ ನಡುಗ್ದ. ಅಲ್ಲಿ ಭಾರೀ ಥಂಡಿ ಬೀಳ್ತದಂತೆ. ನಮ್ಮಬ್ಬೆ ಹೇಳ್ತಿತ್ತು.”

ಈ ಕಥೆ ನನಗೆ ಗೊತ್ತಿತ್ತು. ನನ್ನ ಅಜ್ಜ ನಮಗೆ ಹೇಳಿದ ಕಥೆ ಇದೇ. ಕಂಬಳಿ, ಬುಟ್ಟಿ, ಹೆಣಿಗೆ, ಎಲ್ಲ ಇದೇ. ಒಮ್ಮೆ ನಾನು, ಕಂಬಳಿ ಕೊಟ್ಟ ಮೇಲೆ ಚಳಿಯಾಗಲಿಲ್ಲವಾ ಎಂದು ಕೇಳಿದ್ದೆ. ಅಜ್ಜ ನಕ್ಕುಬಿಟ್ಟ. “ಮರಳುಗಾಡಿನಾಗೆ ಎಂತ ಚಳಿಯಾ ಮಳ್ಳ!” ಹಾಗೆ ಹೇಳಿದನೆಂದು ನನಗೆ ಗಟ್ಟಿಯಾಗಿ ನೆನಪಿದೆ. ಅಥವಾ ಸಂತೆಯಲ್ಲಿ ನಿಂತ ಆ ಗಳಿಗೆಯಲ್ಲಿ ನಾನೇ ಅದನ್ನು ಹೊಲಿದುಕೊಂಡೆನೋ ಏನೋ. ಇಷ್ಟು ಸರಿಯಾಗಿ ಕೂಡುವ ನೆನಪನ್ನು ನಾನು ನಂಬುವುದಿಲ್ಲ. ಆದರೆ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಜಾರಿ ಬಿದ್ದದ್ದನ್ನು ನಂಬುತ್ತೇನೆ, ಅದನ್ನು ಅವಳೂ ನೋಡಿದಳು.

“ನಿಮ್ಮಜ್ಜಿ ವರ್ಷ ವರ್ಷಾ ಹೊಸ ಗೆಣಸು ಕಳಿಸ್ತಿತ್ತು ಬೊಬ್ರುವಾಡಕ್ಕೆ, ನಮ್ಮನಿಗೆ,” ಎಂದಳು ಅವಳು, ಕಟ್ಟನ್ನು ಎತ್ತಿಕೊಡುತ್ತ. “ನಿಮ್ಮತ್ತೆಯೇ ಹೊತ್ಕಂಡು ಬರೂದು. ನಮ್ಮಜ್ಜಿ ಅದ್ನ ಎಮ್ಮಿಗೆ ಹಾಕ್ತಿತ್ತು.”

ಉತ್ತರ ಬಂದದ್ದು ಮಳೆಗಾಲ ಮುಗಿಯುವಾಗ. ಒಂದೇ ಹಾಳೆ, ಹಳೆಯ ದಾಖಲೆಯ ಪ್ರತಿ, ಇಂಗ್ಲಿಷಿನಲ್ಲಿ. ಹವಾಲ್ದಾರರ ಜಗಲಿಯಲ್ಲಿ ಕೂತು ಓದಿದೆವು. ಹೆಸರಿನ ಜಾಗದಲ್ಲಿ ಇದ್ದದ್ದು ಹೆಸರೇ ಅಲ್ಲ. ಭರ್ತಿ ಮಾಡಿಕೊಂಡ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದ. ಅದರಲ್ಲಿ ಸೋಮವಾರವನ್ನೂ ಕಾಣಬಹುದು, ಆದಿತ್ಯವಾರವನ್ನೂ ಕಾಣಬಹುದು. ನಂಬರ್ ಮಾತ್ರ ಮಗ್ಗಿನದೇ.

ಹವಾಲ್ದಾರರು ಬೆರಳಿಟ್ಟು ಓದುತ್ತ ಹೋದವರು ಒಂದು ಕಡೆ ನಿಧಾನವಾದರು. ಆಮೇಲೆ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು.

“ಅಜ್ಜ ದೇಶ ಬಿಟ್ಟು ಹೋಗ್ಲಿಲ್ಲ. ತರಬೇತಿಯಲ್ಲೇ ಇದ್ರು, ಬೆಳಗಾವಿಯಲ್ಲಿ. ರಜೆ ಮೇಲೆ ಊರಿಗೆ ಬಂದ್ರು.”

“ಆಮೇಲೆ?”

“ಆಮೇಲೆ ಹೋಗ್ಲಿಲ್ಲ.”

ಕೊನೆಯಲ್ಲಿ ಮೂರು ಸಾಲುಗಳಿದ್ದವು. ನಾನೇ ಕನ್ನಡಕ್ಕೆ ಮಾಡಿಕೊಂಡಿದ್ದೇನೆ. ರಜೆಯಿಂದ ಹಿಂದಿರುಗಿಲ್ಲ, ಪರಾರಿ. ಊರಿನಲ್ಲಿ ವಿಚಾರಣೆ ನಡೆಸಲಾಯಿತು. ಹಿಡಿದು ತರಲಾದ ವ್ಯಕ್ತಿ ಈತನಲ್ಲ.

“ಮತ್ತೆ ಹುಡುಕಲಿಲ್ಲ ಯಾಕೆ?”

“ಲಡಾಯಿ ಮುಗಿದಿರಬೇಕು. ಫೈಲ್ ಮುಚ್ಚಿದ್ರು.” ಅವರು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. “ಅತ್ತೆಯವರಿಗೆ ಇದೆಲ್ಲ ಯಾಕೆ? ಭರ್ತಿಯಾಗಿದ್ದು ಖರೆ, ಅಷ್ಟು ಹೇಳಿ. ಸುಳ್ಳಲ್ಲ ಅದು.”

ಈಗ ಅಳಿಸುತ್ತೇನೆ. ಖಾಕಿ ಚೀಲದವನು ಪದಕ ಕೊಡಲು ಬಂದವನಲ್ಲ, ಓಡಿದವನನ್ನು ಹುಡುಕಲು ಬಂದವನು. ಕೈಯಲ್ಲಿ ಯಾರದೂ ಅಲ್ಲದ ಒಂದು ಹೆಸರು ಹಿಡಿದುಕೊಂಡು ಬಂದಿದ್ದ, ನಮ್ಮ ಅಂಗಳದಲ್ಲಿ ಅದಕ್ಕೊಬ್ಬ ಮನುಷ್ಯ ಸಿಕ್ಕಿದ. ಬಸ್ರಾದಿಂದ ರಜೆಗೆ ಬಂದಿದ್ದವನು, ಕಂಬಳಿ ಕೊಟ್ಟು ಖರ್ಜೂರ ತಿಂದವನು, ನಮ್ಮ ಪಕ್ಕದ ಮನೆಯವನು. ಅವನು ಈತನಲ್ಲ ಎಂದು ತಿಳಿಯಲು ಅವರಿಗೆ ಒಂದು ಮಳೆಗಾಲ ಬೇಕಾಯಿತು. ತಿಳಿದ ಮೇಲೆ ಬಿಟ್ಟರು. ಬಿಟ್ಟದ್ದನ್ನು ಊರಿಗೆ ಯಾರೂ ಬಂದು ಹೇಳಲಿಲ್ಲ.

ಅಜ್ಜ ಸಂಜೆ ಗದ್ದೆಯಿಂದ ಮನೆಗೆ ಬಂದಿರಬೇಕು. ಯಾರೋ ಬಂದಿದ್ದರು, ಹೆಸರು ಬರೆದುಕೊಂಡು ಹೋದರು ಎಂದು ಮಗಳು ಹೇಳಿರಬೇಕು. ಅವನಿಗೆ ಅರ್ಥವಾಗಿರಬೇಕು. ನೆರೆಯವನನ್ನು ಕರೆದೊಯ್ಯುವಾಗ ಅವನು ಎಲ್ಲಿದ್ದ? ಬೇಲಿಯ ಹತ್ತಿರವಾ, ಒಳಗಾ? ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಆಮೇಲೆ ಅವನು ಎಷ್ಟೋ ವರ್ಷ ಬದುಕಿದ, ಪಲ್ಟಣಿನವರು ಎಂದು ಕರೆಸಿಕೊಂಡ, ಸತ್ತವನ ಬಾಯಿಂದ ಖರ್ಜೂರವನ್ನೂ ತೆಗೆದು ಮೊಮ್ಮಕ್ಕಳಿಗೆ ಹಂಚಿದ. ನಾವು ಚಪ್ಪರಿಸಿದೆವು.

ಅಜ್ಜಿ? ಬಂದವನು ಆದಿತ್ಯವಾರದ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದ ಎಂದು ಅತ್ತೆ ಯಾವಾಗಲೂ ಹೇಳುತ್ತಾಳೆ. ಬಾಗಿಲ ಹಿಂದೆ ನಿಂತವಳಿಗೆ ಅದು ಕೇಳಿರಬೇಕು. ಪರರ ಗಂಡನ ಹೆಸರು ಹೇಳಲು ಅಡ್ಡಿ ಇರಲಿಲ್ಲ, ‘ಅವನಲ್ಲ’ ಎನ್ನಲು ಹೆಸರೂ ಬೇಕಾಗಿರಲಿಲ್ಲ. ಬಾಯಿ ಬಿಡಲಿಲ್ಲ. ಅಥವಾ ಕೇಳಲಿಲ್ಲ. ಗೆಣಸನ್ನು ಇಟ್ಟುಕೊಂಡು ನಾನು ಅವಳನ್ನು ತಪ್ಪಿತಸ್ಥೆ ಮಾಡಬಲ್ಲೆ, ಅದೇ ಗೆಣಸಿನಿಂದ ಒಳ್ಳೆಯವಳನ್ನೂ ಮಾಡಬಲ್ಲೆ. ಎರಡೂ ಮಾಡುವುದಿಲ್ಲ.

ಹವಾಲ್ದಾರರ ಮಾತಿನಂತೆ ಅರ್ಧ ಹೇಳುವುದು ಎಂದುಕೊಂಡೇ ಶೆಟಗೇರಿಗೆ ಹೋದೆ. ಅರ್ಧ ಹೇಳಿಯೇ ನಮ್ಮ ಮನೆ ಇಷ್ಟು ದಿನ ನಡೆದದ್ದು. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಹಾಳೆಯನ್ನು ಇಸಿದುಕೊಂಡು, ಓದಲು ಬಾರದಿದ್ದರೂ ಎರಡೂ ಬದಿ ನೋಡಿದಳು.

“ಸಿಕ್ಕಿತಲ್ಲ! ಯಾವ ಹೆಸರಿನಾಗೆ ಅದೆ? ನಾ ಹೇಳಿದ್ದಕ್ಕೇ ತಪ್ಪಾಗದೆಯಾ, ಹೇಳು. ಹೆದರಬೇಡ.”

ನಾನು ಪೂರ್ತಿ ಹೇಳಿದೆ. ಧೈರ್ಯದಿಂದಲ್ಲ. ಹೇಳದೆ ಇದ್ದರೆ ಆ ಹಾಳೆಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದಳು.

ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಕೈಯ ನರಗಳನ್ನು ತಿಕ್ಕಿಕೊಂಡಳು.

“ಹಂಗಾರೆ ನನ್ನ ಶನಿವಾರದಿಂದ ಅಪ್ಪ ಉಳ್ದ.”

“ಹೌದು.”

“ಪಕ್ಕದ ಮನಿಯವ ಹೋದ.”

ಅವಳ ಮಡಿಲಿನಿಂದ ಹಾಳೆಯನ್ನು ತೆಗೆದು ಮಡಚಿದೆ.

“ಗೆಣಸಿನ ಬುಟ್ಟಿ ಹೊತ್ಕಂಡು ಹೋಗುವಾಗ ನಾ ಎಂತ ಹೇಳ್ತಿದ್ದೆ, ಗೊತ್ತದೆಯಾ? ಓಡಿ ಬಂದವನ ಮನೆಗೆ ಎಂತಕೆ ಕೊಡೂದು ಅಂತ ಆಯಿ ಸಂಗ್ತಿಗೆ ಜಗಳ ಮಾಡ್ತಿದ್ದೆ. ಅವ್ರ ಬಾಗಲಾಗೆ ನಿಂತೂ ಹೇಳಿದ್ದೆ ಒಂದ್ಸಲ, ಗಟ್ಟಿಯಾಗಿ. ಸಣ್ಣ ಹುಡುಗಿ ಏನಲ್ಲ ಆಗ, ದೊಡ್ಡಾಗಿದ್ದೆ.” ಆಮೇಲೆ, “ಅಪ್ಪನ ಹೆಸರು ಬೇಡ. ಅವಂದು ಹಾಕ್ಸು ಕಲ್ಲಿಗೆ.”

ಕಲ್ಲಿನವರ ಮುಖಂಡನ ಮನೆಗೆ ಅಂದೇ ಹೋದೆ. ಅವನು ಖುಷಿಯಲ್ಲಿದ್ದ. ಕೆತ್ತನೆ ಮುಗಿದು ಕಲ್ಲು ಅಂಗಳದಲ್ಲೇ ಒರಗಿತ್ತು. ಮೊದಲ ಸಾಲು ನನ್ನ ಅಜ್ಜನದು.

“ದಾಖಲೆ ಇನ್ನೂ ಕೊಟ್ಟೇ ಇರಲಿಲ್ಲವಲ್ಲ?”

“ನಿಮ್ಮಜ್ಜಂಗೆ ಎಂತ ದಾಖಲೆ ಮಾರಾಯ್ರೆ? ಊರಿಗೇ ಗೊತ್ತದೆ.”

ಹಾಳೆ ತೋರಿಸಿದೆ, ಅರ್ಥ ಹೇಳಿದೆ. ಅವನು ಹಾಳೆಗಿಂತ ಹೆಚ್ಚು ಹೊತ್ತು ಕಲ್ಲನ್ನು ನೋಡಿದ. “ಇದನ್ನ ಯಾರಿಗೂ ತೋರಿಸ್ಬೇಡಿ. ಕಲ್ಲಿನಾಗೆ ಹೊಡ್ದದ್ದು ಅಳಿಸೂದು ಹೆಂಗೆ? ಕೆಳಗೆ ಜಾಗ ಅದೆ, ಬೇಕಾರೆ ಅವಂದೂ ಸೇರಿಸುವಾ. ಆದ್ರೆ ಅವಂಗೆ ದಾಖಲೆ ಬೇಕು ಮತ್ತೆ. ಊರಿನಾಗೆ ಅವನ ಹೆಸರು ಬೇರೆ ನಮೂನಿ ಅದೆಯಲ್ಲ.”

ಹೊಸ ಅರ್ಜಿ ತಂದೆ. ಹೆಸರಿನ ಜಾಗದಲ್ಲಿ ಆದಿತ್ಯವಾರದ ಹೆಸರನ್ನು ಅಚ್ಚುಕಟ್ಟಾಗಿ ಬರೆದೆ. ನಂಬರ್ ಇಲ್ಲ, ಅವರ ಮಗ್ಗು ಯಾವ ಗುಜರಿಗೆ ಹೋಯಿತೋ. ‘ಸೈನಿಕನಿಗೂ ಅರ್ಜಿದಾರನಿಗೂ ಸಂಬಂಧ’ ಎಂಬಲ್ಲಿ ಪೆನ್ನು ನಿಂತಿತು. ನೌಕರಿ ಮಾಡಿದಷ್ಟು ಕಾಲ ಯಾವ ಕಾಲಮನ್ನೂ ಖಾಲಿ ಬಿಟ್ಟವನಲ್ಲ. ಹವಾಲ್ದಾರರು, “ನೀವು ಬರೆದ್ರೆ ನಡೆಯೂದಿಲ್ಲ, ಮನೆಯವರದೇ ಸಹಿ ಬೇಕು,” ಎಂದರು.

ಬೊಬ್ರುವಾಡದ ಅವಳ ಮನೆಗೇ ಹೋದೆ. ಅವಳು ಹಿತ್ತಿಲಲ್ಲಿ ಮೂಲಂಗಿ ತೊಳೆದು ಕಟ್ಟುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಅಂಗಳ, ಬಾಗಿಲು, ಸಂತೆ, ಶನಿವಾರ, ಮೂರು ಸಾಲು. ಅವಳು ಕಟ್ಟುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೂ ನಾಲ್ಕು ಕಟ್ಟು ಕಟ್ಟಿದಳು.

“ಓಡಿ ಬಂದವ ಅಲ್ಲ ಅಂತ ನಮಗೆ ಗೊತ್ತಿತ್ತು,” ಎಂದಳು. “ನಮ್ಮಜ್ಜಿಗೆ ಗೊತ್ತಿತ್ತು, ಅಬ್ಬೆಗೆ ಗೊತ್ತಿತ್ತು. ಹೊಸದೆಂತ ತಂದೀರಿ ನೀವು?”

“ಕಲ್ಲಿನಲ್ಲಿ ಹೆಸರು...”

“ಯಾರ ಕೆಳಗೆ?”

ನಾನು ಅರ್ಜಿಯನ್ನು ಮುಂದೆ ಚಾಚಿದೆ. ಅವಳು ಕೈ ಒರೆಸಿಕೊಂಡು ಅರ್ಜಿಯನ್ನು ದೂರದಿಂದ ನೋಡಿದಳು, ಮುಟ್ಟಲಿಲ್ಲ.

“ಈಗ ಕೈ ಒದ್ದೆ. ಸಂತಿ ದಿನ ಬನ್ನಿ, ನೋಡುವಾ.”

ಶನಿವಾರ ಅಂಕೋಲೆಗೆ ಹೋದೆ. ಅವಳು ಕೂರುವ ಜಾಗದಲ್ಲಿ ಗೋಣಿಚೀಲ ಹಾಸಿತ್ತು, ಅವಳಿರಲಿಲ್ಲ. ಆದಿತ್ಯವಾರ ಕಾರವಾರದಲ್ಲಿ ಅವಳ ಜಾಗದಲ್ಲಿ ಬೇರೊಬ್ಬಳು ಕೂತು ಅವಳದೇ ಬುಟ್ಟಿಯಿಂದ ಸೊಪ್ಪು ಮಾರುತ್ತಿದ್ದಳು. “ಅಕ್ಕ ಬರೂದಿಲ್ಲ ಇವತ್ತು,” ಎಂದಳು. ಮುಂದಿನ ವಾರವೂ ಹಾಗೇ.

ಕಲ್ಲು ಶಾಲೆಯ ಎದುರು ನಿಂತಿದೆ. ಮೊದಲ ಸಾಲಿಗೆ ಬಣ್ಣ ತುಂಬಿದ್ದಾರೆ. ಅತ್ತೆ ಈಗ ಆ ದಾರಿಯಲ್ಲಿ ಹೋಗುವುದಿಲ್ಲ. ನಾನು ಹೋದಾಗಲೆಲ್ಲ ಮೊದಲು ನನ್ನ ಚೀಲ ನೋಡುತ್ತಾಳೆ.

“ಸಹಿ ಹಾಕ್ತಾ ಅವನ ಮೊಮ್ಮಗಳು?”

“ಸಂತಿ ದಿನ ಬನ್ನಿ ಅಂತ ಹೇಳಿತ್ತು. ಎರಡೂ ಕಡೆ ಹೋಗಿ ಬಂದೆ. ಸಿಗ್ಲಿಲ್ಲ.”

ಅತ್ತೆ ಜಗಲಿಯ ಅಂಚಿಗೆ ಸರಿದು ಕೂತು ನನ್ನ ಮುಖವನ್ನೇ ನೋಡಿದಳು.

“ಯಾವ ಸಂತಿ ಅಂತ ಕೇಳ್ಕಂಡಿದ್ದೆಯಾ?”

ನಾನು ಕೇಳಿರಲಿಲ್ಲ.